ಬಡವರು ಬಡವರ ಹಾಗಿರಬೇಕು

ಊರಿನ ಕಂದಾಯದ ಲೆಕ್ಕ ಬರೆಯುವ ತಲಾಠಿ ಮನೆಗೆ ಬರುತ್ತಾನೆಂದು ಗೊತ್ತಾದ ಕೂಡಲೇ ಕಾಶಿ ಮೊದಲು ನೋಡಿದ್ದು ಪಕ್ಕದ ಮನೆ ಗೋದಾವರಿಯ ಕುತ್ತಿಗೆಯನ್ನು. ಅವಲಕ್ಕಿ ಸರ ಅಲ್ಲೇ ಇತ್ತು. ಸದ್ಯ, ಬೇರೆ ಯಾರೂ ಒಯ್ದಿರಲಿಲ್ಲ.

ಬೇಲೆಕೇರಿಯ ಆ ಮೀನುಗಾರರ ಕೇರಿಯಲ್ಲಿ ಬಂಗಾರ ಅಂತ ಉಳಿದದ್ದು ಅದೊಂದೇ ಸರ. ಮಿಕ್ಕವರೆಲ್ಲ ಅಡವಿಟ್ಟದ್ದು ತಿರುಗಿ ಬಂದಿರಲಿಲ್ಲ. ಗೋದಾವರಿಯದು ಹೇಗೋ ಉಳಿಯಿತು, ಉಳಿದದ್ದೇ ಇಡೀ ಕೇರಿಯದಾಯಿತು. ಹುಡುಗಿ ನೋಡಲು ಬಂದರೆ ಸರ ಹುಡುಗಿಯ ತಾಯಿಯ ಕುತ್ತಿಗೆಗೆ. ಬೀಗರು ಬಂದರೆ ಮನೆಯೊಡತಿಯ ಕುತ್ತಿಗೆಗೆ. ಹೊತ್ತು ಮುಳುಗುವುದರೊಳಗೆ ತಿರುಗಿ ಗೋದಾವರಿಗೆ. ಮನೆಗೆ ಬಂದವರೆದುರು ಹೆಂಗಸು ಬರಿ ಕುತ್ತಿಗೆಯಲ್ಲಿ ನಿಲ್ಲಬಾರದು, ಇದು ಕೇರಿಯ ಕಾನೂನು. ಕುರ್ಚಿ ಇಲ್ಲವೋ, ಕಡ ತರಬೇಕು. ಮೀನಿಲ್ಲವೋ, ಹುಟ್ಟಿಸಬೇಕು. ಬಂದವನು "ಪಾಪ" ಎಂದು ಎದ್ದು ಹೋದರೆ ಆ ಮನೆಯ ಮಾನ ಹೋದ ಹಾಗೆ. "ಉಪಾಸ ಬೀಳು ಬೇಕಾರೆ. ಬಂದವ್ರಿಗೆ ತೋರಿಸ್ಬೇಡ," ಎಂದು ಕಾಶಿಯ ಅತ್ತೆ ಹೇಳಿಹೇಳಿಯೇ ಸತ್ತಳು.

ತಲಾಠಿ ಬರುತ್ತಿದ್ದುದು ಕಾಶಿಯ ಮಗಳು ಪ್ರಗತಿಯ ಸಲುವಾಗಿ. ಅವಳಿಗೆ ಕಾರವಾರದ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೀಟು ಸಿಕ್ಕಿತ್ತು. ಸಿಕ್ಕಿತ್ತು ಎಂದರೆ ಹೆಸರು ಬಂದಿತ್ತು, ಅಷ್ಟೇ. ಶುಲ್ಕ ಕಟ್ಟಿದರೆ ಸೀಟು, ಇಲ್ಲದಿದ್ದರೆ ಬರೀ ಹೆಸರು. ಮೊದಲೆಲ್ಲ ಬಡವರ ಮಕ್ಕಳಿಗೆ ಸರಕಾರ ಕೊಡುವ ಸಹಾಯಧನ ಎರಡನೇ ವರ್ಷದಿಂದ ಶುರುವಾಗುತ್ತಿತ್ತು. ಮೊದಲ ವರ್ಷ ನೀವೇ ಹೇಗಾದರೂ ಓದಿ ಪಾಸಾಗಿ ಬನ್ನಿ, ಆಮೇಲೆ ನೋಡುವಾ ಎಂಬ ಧಾಟಿ. ಅಲ್ಲ, ಮೊದಲ ಮೆಟ್ಟಿಲನ್ನೇ ಹತ್ತಲಾಗದವನಿಗೆ ಎರಡನೇ ಮೆಟ್ಟಿಲಲ್ಲಿ ಚಾಪೆ ಹಾಸಿಟ್ಟು ಕರೆದರೆ ಅವನೇನು ಹಾರಿ ಬರಬೇಕೆ? ಕಾಶಿಯ ಹಿರಿಮಗ ಕಿಶೋರ ಆ ಮೊದಲ ಮೆಟ್ಟಿಲ ಕೆಳಗೇ ಉಳಿದವನು. ಲೆಕ್ಕದಲ್ಲಿ ಬಲು ಚುರುಕು. ಈಗ ಗೋವೆಯ ಟ್ರಾಲರಿನಲ್ಲಿ ಐಸು ಒಡೆಯುತ್ತಾನೆ. ಮನೆಗೆ ಬಂದಾಗ ತಂಗಿಯ ಪುಸ್ತಕಗಳನ್ನು ಮುಟ್ಟುವುದಿಲ್ಲ.

ಈ ವರ್ಷ ಸರಕಾರಕ್ಕೆ ಬುದ್ಧಿ ಬಂತು. ಸಹಾಯಧನವನ್ನು ಮೊದಲ ವರ್ಷದ ಶುಲ್ಕಕ್ಕೂ ವಿಸ್ತರಿಸಿದರು. ಕಾಶಿಗೆ ಸುದ್ದಿ ಸಿಕ್ಕಿದ್ದು ಅಂಕೋಲೆಯ ಮೀನುಪೇಟೆಯಲ್ಲಿ. "ಮೊದಲ್ನೇ ವರ್ಷದ್ದೂ ಕೊಡ್ತ್ರು ಗಡ," ಎಂದು ಯಾರೋ ಹೇಳಿದರು. ಕಾಶಿ ಬುಟ್ಟಿಯನ್ನು ಅಲ್ಲೇ ಬಿಟ್ಟು ಎದ್ದಳು. ಓಡುತ್ತ ಬಂದು ಮಗಳಿಗೆ ಹೇಳಿದಳು. ಹೇಳುವಾಗ ಅಳು ಬಂತು. ಕಿಶೋರನ ನೆನಪಾಗಿ ಬಂದ ಅಳು ಅದು.

ಷರತ್ತು ಒಂದೇ. ತಲಾಠಿ ಮನೆಗೆ ಬರಬೇಕು. ಕಣ್ಣಾರೆ ನೋಡಬೇಕು. ಇವರು ಬಡವರು ಎಂದು ಬರೆಯಬೇಕು.

ನೋಡುವುದೇನು ಬಂತು! ಕಾಶಿಯ ಗಂಡ ದೇವಿದಾಸನ ಬಲಗೈಯ ಮೂರು ಬೆರಳು ಬಲೆ ಎಳೆಯುವ ವಿಂಚಿಗೆ ಸಿಕ್ಕಿ ಹೋಗಿದ್ದವು. ಅಂದಿನಿಂದ ಅವನನ್ನು ಯಾವ ಬೋಟಿಗೂ ಕರೆಯಲಿಲ್ಲ. ಉಳಿದ ಬೆರಳುಗಳಲ್ಲಿ ಹರಿದ ಬಲೆ ಹೆಣೆಯುತ್ತಾನೆ. ಹೊರಗೆ ಹೋಗುವಾಗ ಆ ಕೈಗೆ ಟವೆಲ್ಲು ಸುತ್ತಿಕೊಳ್ಳುತ್ತಾನೆ. ಮನೆ ನಡೆಯುವುದು ಕಾಶಿಯ ತಲೆಯ ಮೇಲಿನ ಬುಟ್ಟಿಯಿಂದ. ನಸುಕಿನಲ್ಲಿ ಬೋಟು ನಿಲ್ಲುವ ದಕ್ಕೆಗೆ ಹೋಗಿ ಹರಾಜಿನಲ್ಲಿ ಕೂಗಿ, ಕೂಗಿದವರ ಜತೆ ಜಗಳಾಡಿ, ಮೀನು ಹೊತ್ತು ಮನೆಮನೆ ತಿರುಗುತ್ತಾಳೆ. ಬುಟ್ಟಿಯ ನೀರು ಕುತ್ತಿಗೆಗಿಳಿದು ಬೆನ್ನಿಗಿಳಿದು ಸೀರೆಯಲ್ಲೇ ಒಣಗುತ್ತದೆ. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ ಇದ್ದರೂ ಜನ ನಿಂತೇ ಹೋಗುತ್ತಾರೆ. ಅದು ಅವಳಿಗೆ ರೂಢಿಯಾಗಿದೆ. ಮಳೆಗಾಲದಲ್ಲಿ ಮೀನುಗಾರಿಕೆ ಬಂದ್. ಆಗ ಶೆಡ್ಡಿನಲ್ಲಿ ಕುಕ್ಕರಗಾಲಲ್ಲಿ ಕೂತು ಸಿಗಡಿ ಸುಲಿಯುವುದು. ಐಸಿನ ನೀರಿಗೆ ಉಗುರಿನ ಸಂದಿ ಬಿರಿಯುತ್ತದೆ. ಆ ಕೈಯಲ್ಲಿ ಮನೆಗೆ ಬಂದು ಅನ್ನ ಕಲಸಿದರೆ ಖಾರ ನೆತ್ತಿಗೇರುತ್ತದೆ.

ತಲಾಠಿ ಬರುವ ಹಿಂದಿನ ದಿನ ಕೇರಿ ಇಡೀ ಕಾಶಿಯ ಮನೆಗೆ ಬಂತು. ಒಬ್ಬರು ಪ್ಲಾಸ್ಟಿಕ್ ಕುರ್ಚಿ ತಂದರು. ಒಬ್ಬರು ಟೇಬಲ್ ಫ್ಯಾನು. ಮತ್ತೊಬ್ಬರು ಸ್ಟೀಲಿನ ತಟ್ಟೆ ಲೋಟ, ಬಾಗಿಲಿಗೆ ಹೂವಿನ ಪರದೆ. ಗೋದಾವರಿ ಸರ ಬಿಚ್ಚಿ ತಾನೇ ಕಾಶಿಯ ಕುತ್ತಿಗೆಗೆ ಹಾಕಿ, ಹಿಂದೆ ಕೊಂಡಿ ಕಚ್ಚಿಸಿದಳು.

ಪ್ರಗತಿ ನೋಡುತ್ತ ನಿಂತವಳು ತಡೆಯಲಾರದೆ ಹೇಳಿದಳು. "ಆಯಿ, ಅವ್ರು ಬರೂದು ನಮ್ಗೆ ಎಂತಾ ಇಲ್ಲ ಅಂತ ನೋಡೂಕೆ. ನೀ ಎಲ್ಲಾ ತುಂಬಿ ಇಟ್ರೆ?"

"ಬಡವ್ರು ಅಂತ ಅವ್ರ ಕಾಗದದಲ್ಲಿ ಬರೀಲಿ. ನಮ್ಮನೆ ಹೊಸ್ಲ ಮೇಲೆ ಯಾಕೆ ಬರೀಬೇಕು? ಬಂದವ್ರನ್ನ ನೆಲದ ಮೇಲೆ ಕೂರ್ಸಿ ನೀರು ಕೊಟ್ಟು ಕಳ್ಸೂಕೆ ಆತದಾ, ಮಳ್ಳಿ!"

"ಅವ್ರು ನೆಂಟರಲ್ಲ ಆಯಿ."

"ಹೊಸ್ಲು ದಾಟಿದ್ಮೇಲೆ ಎಲ್ಲಾ ನೆಂಟರೇ."

ಇನ್ನು ಮೀನು. ಬಂದ್ ದಿನಗಳಲ್ಲಿ ಇಸೋಣದಂಥ ದುಬಾರಿ ಮೀನು ಎಲ್ಲಿಂದ ಬರಬೇಕು? ಕಾಶಿ ಕಾರವಾರಕ್ಕೆ ಹೋದಳು. ಹೊರಗಿನಿಂದ ಐಸು ಲಾರಿಯಲ್ಲಿ ಬಂದ ಇಸೋಣದ ಬೆಲೆ ಕೇಳಿ ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು. ಮೀನಿನ ಏಜೆಂಟನ ಶೆಡ್ಡಿನಲ್ಲಿ ಕೂಲಿ ಕೇಳದೆ ಸಿಗಡಿ ಸುಲಿದು ಕೊಡುತ್ತೇನೆ ಎಂದು ಒಪ್ಪಿ ಮೀನು ತಂದಳು. ಬೆಳ್ಳಿಯ ಹಾಗೆ ಹೊಳೆಯುವ ಮೀನು. ಅಂಥದ್ದನ್ನು ಆ ಮನೆಯವರು ಮಾರಲು ಮಾತ್ರ ಕೈಯಲ್ಲಿ ಹಿಡಿದಿದ್ದರು.

ತಲಾಠಿ ಪ್ರದೀಪ ಬೈಕಿನಲ್ಲಿ ಬಂದ. ಅಂಕೋಲೆಯವನೇ. ವಯಸ್ಸಿನಲ್ಲಿ ಕಿಶೋರನ ಜೊತೆಯವನು. ಆದರೂ ಮೊದಲ ಮಾತಿಗೇ ಕಾಶಿಗೆ "ನೀನು" ಎಂದ. ಕಾಶಿ "ಬನ್ನಿ ಸರಾ" ಎಂದು ಕುರ್ಚಿಯನ್ನು ಸೆರಗಿನಿಂದ ಒರೆಸಿದಳು. ಅವನು ಕೂತ. ಫ್ಯಾನಿನತ್ತ ನೋಡಿದ. ಪರದೆಯತ್ತ ನೋಡಿದ. ಕಾಶಿಯ ಕುತ್ತಿಗೆಯತ್ತ ನೋಡಿದ. ಎರಡು ಪ್ರಶ್ನೆ ಕೇಳಿದ. ಅಷ್ಟರಲ್ಲಿ ಒಳಗಿನಿಂದ ಹುರಿದ ಇಸೋಣದ ಪರಿಮಳ ಬಂತು. ಮೂರನೇ ಪ್ರಶ್ನೆ ಕೇಳಲಿಲ್ಲ.

ಚೆನ್ನಾಗಿ ಉಂಡ. ನಡುಭಾಗದ ತುಂಡುಗಳೆಲ್ಲ ಅವನ ತಟ್ಟೆಗೇ ಹೋದವು. "ಕಾಶಿಬಾಯಿ, ಕೈ ರುಚಿ ಅಂದ್ರೆ ಇದು," ಎಂದ. ದೇವಿದಾಸ ಕೈಯನ್ನು ಟವೆಲ್ಲಿನೊಳಗೆ ಮುಚ್ಚಿಟ್ಟುಕೊಂಡು ಹಲ್ಲು ಬಿಟ್ಟು ನಗುತ್ತ ಕೂತಿದ್ದ. ಉಳಿದ ತುಂಡುಗಳನ್ನು ಕಾಶಿ ಡಬ್ಬಿಗೆ ತುಂಬಿ "ಮನೇಲಿ ಮಕ್ಕಳಿಗೆ" ಎಂದು ಕೊಟ್ಟಳು. ಅವನು ಬೇಡ ಎನ್ನಲಿಲ್ಲ. ಬೈಕು ಹೋದ ಮೇಲೆ ಮನೆಯವರು ಮೂವರೂ ಸಾರಿನಲ್ಲಿ ಉಳಿದ ತಲೆಯನ್ನು ಹಂಚಿಕೊಂಡು ಉಂಡರು. ಅಂದು ಕಾಶಿಗೆ ಹೊಟ್ಟೆ ತುಂಬಿತು. ಮಗಳ ಕಾಲೇಜು ಆಯಿತು ಎಂಬ ಸಂತೋಷಕ್ಕೇ ತುಂಬಿತು.

ಉಂಡ ಮನೆಯ ಜಂತೆ ಎಣಿಸುವವರ ಮಾತು ಕೇಳಿದ್ದೇವೆ. ಇವನು ಎಣಿಸಿದ್ದಲ್ಲದೆ ಬರೆದುಕೊಂಡೂ ಹೋಗಿದ್ದ.

ಕಾಲೇಜಿನ ಕಚೇರಿಯಲ್ಲಿ ವೈಜಯಂತಿ ಎಂಬ ಗುಮಾಸ್ತೆ ಇದ್ದಳು. ಕೆಟ್ಟವಳಲ್ಲ. ಕಂಪ್ಯೂಟರು ನೋಡಿ ಕಾಶಿಗೆ ಓದಿ ಹೇಳಿದಳು. ಮನೆಯೊಡತಿಯ ಮೈಮೇಲೆ ಬಂಗಾರವಿದೆ. ಫ್ಯಾನು, ಕುರ್ಚಿ ಇತ್ಯಾದಿ ಇವೆ. ಬಂದ್ ಅವಧಿಯಲ್ಲೂ ದುಬಾರಿ ಮೀನಿನ ಊಟ. ಕುಟುಂಬ ಸ್ಥಿತಿವಂತ. ಸಹಾಯಧನಕ್ಕೆ ಅರ್ಹವಲ್ಲ.

ಕಾಶಿಗೆ ಮೊದಲು ಅರ್ಥವಾಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಪ್ರಗತಿಗೆ ಆಯಿತು. ಅವಳು ತಾಯಿಯನ್ನು ಬೈಯಲಿಲ್ಲ. "ನಾ ಹೇಳಿದ್ನಲ್ಲ" ಎಂದು ಸಹ ಅನ್ನಲಿಲ್ಲ. ಅಂದಿದ್ದರೆ ಕಾಶಿಗೆ ಎಷ್ಟೋ ಹಗುರಾಗುತ್ತಿತ್ತು.

"ನಾ ಉಣ್ಸಿದ್ದು ತಪ್ಪಾಯ್ತಾ ಅಮ್ಮಾ?" ಎಂದು ಕಾಶಿ ಆ ಗುಮಾಸ್ತೆಯನ್ನೇ ಕೇಳಿದಳು.

ವೈಜಯಂತಿ ತಲೆ ಎತ್ತಲಿಲ್ಲ. "ಅವ್ರನ್ನೇ ಹೋಗಿ ಕೇಳಿ. ತಿದ್ದಿ ಕಳ್ಸಿದ್ರೆ ಆಗ್ತದೆ. ಅಲ್ಲೀವರೆಗೆ ಹುಡುಗಿ ಕ್ಲಾಸಿಗೆ ಬರ್ಲಿ," ಎಂದಳು.

ಅಂಕೋಲೆಯ ಕಚೇರಿಯಲ್ಲಿ ಕಾಶಿ ಬೆಳಿಗ್ಗೆಯಿಂದ ನಿಂತಳು. ಬೆಂಚಿತ್ತು. ಕೂರಲು ಹೋದಾಗ ಬೆಂಚಿನಲ್ಲಿದ್ದವರು ಮೂಗಿಗೆ ಕರ್ಚೀಪು ಹಿಡಿದರು. ಎದ್ದು ಜಗಲಿಗೆ ಬಂದಳು. ಊಟದ ಹೊತ್ತಿಗೆ ಪ್ರದೀಪ ಹೊರಗೆ ಬಂದ.

"ಸರಾ, ಆ ಸರ ನಂದಲ್ಲ. ಗೋದಕ್ಕಂದು. ಕುರ್ಚಿ ಫ್ಯಾನು ಯಾವ್ದೂ ನಮ್ದಲ್ಲ. ಮೀನೂ ದುಡ್ಡು ಕೊಟ್ಟು ತಂದದ್ದಲ್ಲ. ಇವತ್ತಿಗೂ ಅದ್ರ ಸಲುವಾಗಿ ಸಿಗಡಿ ಸುಲೀತಾ ಇದ್ದೆ, ನೋಡಿ ಕೈಯಾ."

ಅವನು ಕೈ ನೋಡಲಿಲ್ಲ. ನಕ್ಕ. ಪಕ್ಕದಲ್ಲಿದ್ದವರನ್ನೂ ನಗಿಸಿದ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದ್ರೆ ಇದೇ ನೋಡಿ. ನಾ ಕಂಡದ್ದು ಬರ್ದೆ ಬಾಯಿ. ಬಡವ್ರು ಅಂದ್ರೆ ಬಡವ್ರ ಹಾಗೆ ಇರ್ಬೇಕು. ಬಂಗಾರ ಹಾಕ್ಕಂಡ್ ನಿಂತ್ರೆ ಸರ್ಕಾರಕ್ಕೆ ಹೆಂಗೆ ಗೊತ್ತಾಗ್ಬೇಕು?"

"ನಿಮ್ಗೆ ಮರ್ಯಾದಿ ಮಾಡ್ಬೇಕು ಅಂತ ಸರಾ..."

"ಮರ್ಯಾದಿ ಮಾಡೂ ಶಕ್ತಿ ಇದ್ದವ್ರು ಶುಲ್ಕಾನೂ ಕಟ್ಬೋದು."

ಕಾಶಿ ಬಗ್ಗಿ ಅವನ ಕಾಲು ಹಿಡಿದಳು. ಹೌದು, ಮಗನ ವಯಸ್ಸಿನವನ ಕಾಲು. ಅವನು ಹಿಂದೆ ಸರಿದ. ಏನೋ ಯೋಚಿಸಿದ. ಮೊಬೈಲು ತೆಗೆದು ಯಾವುದೋ ಮೆಸೇಜು ನೋಡಿದ. ಆಮೇಲೆ ದನಿ ಮೆತ್ತಗಾಯಿತು.

"ಆಗ್ಲಿ, ಇನ್ನೊಂದ್ಸಲ ಬರ್ತೆ. ಫೋಟೋ ತೆಗೀಬೇಕು. ಈ ಸಲ ಸರ ಗಿರ ಬೇಡ. ಹರ್ಕು ಸೀರೆ ಉಟ್ಕ. ಕುರ್ಚಿ ಪರದೆ ಎಲ್ಲಾ ತೆಗೆದಿಡು. ಗಂಡನ ಕೈಗೆ ಬಟ್ಟೆ ಸುತ್ಬೇಡ, ಕಾಣ್ಬೇಕು. ಮಗಳೂ ಇರ್ಲಿ." ಎರಡು ಹೆಜ್ಜೆ ಹೋಗಿ ತಿರುಗಿ ಹೇಳಿದ: "ಮೀನು ಮಾತ್ರ ಮಾಡು ಮಾರಾಯ್ತಿ. ಆವತ್ತಿಂದು ಇನ್ನೂ ನಾಲ್ಗೆ ಮೇಲೆ ಅದೆ."

ಕೇರಿ ಮತ್ತೆ ಕಾಶಿಯ ಮನೆಗೆ ಬಂತು. ಈ ಸಲ ಮನೆ ಬರಿದು ಮಾಡಲು. ತಂದವರು ತಂದದ್ದನ್ನು ಆಗಲೇ ಒಯ್ದಿದ್ದರು. ಈಗ ಕಾಶಿಯ ಸ್ವಂತದ್ದೂ ಹೊರಗೆ ಹೋಯಿತು. ದೇವರ ಪಟ, ಕಿಶೋರ ಗೋವೆಯಿಂದ ತಂದ ಗಡಿಯಾರ, ಪ್ರಗತಿಗೆ ಶಾಲೆಯಲ್ಲಿ ಬಹುಮಾನ ಕೊಟ್ಟ ಕಪ್ಪು. ಹರಕು ಸೀರೆ ಎಲ್ಲಿ? ಇಡೀ ಕೇರಿಯಲ್ಲಿ ಇರಲಿಲ್ಲ. ಹರಿದ ಸೀರೆಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಗೋದಡಿ ಹೊಲಿಯುತ್ತಾರೆ, ತೊಟ್ಟಿಲು ಕಟ್ಟುತ್ತಾರೆ, ಕೊನೆಗೆ ಒಲೆಬಟ್ಟೆ ಮಾಡುತ್ತಾರೆ. ಹೊರಗೆ ಹೋಗುವ ಹೆಂಗಸು ಹೊಲಿದಾದರೂ ಉಡುತ್ತಾಳೆ, ಹರಿದದ್ದು ಉಡುವುದಿಲ್ಲ. ಕೊನೆಗೆ ಗೋದಾವರಿ ತನ್ನ ಹಳೆಯ ಸೀರೆಯೊಂದನ್ನು ತಂದು ಸೆರಗಿನ ಹತ್ತಿರ ಹಲ್ಲಿನಿಂದ ಕಚ್ಚಿ ಪರ್ರನೆ ಹರಿದಳು. ಬಡತನವನ್ನೂ ಕಡ ತರಬೇಕಾಯಿತು!

"ಹರೀಬೇಡ ಗೋದಕ್ಕಾ, ಚಲೋ ಸೀರೆ," ಎಂದಳು ಕಾಶಿ.

"ಹುಡುಗಿ ಓದ್ಲಿ. ಸೀರೆ ಎಂತ ಆಕಾಶದಿಂದ ಬಿದ್ದದ್ದಾ?" ಎಂದಳು ಗೋದಾವರಿ. ಅವಳ ಕಣ್ಣು ಕೆಂಪಾಗಿತ್ತು.

ದೇವಿದಾಸ ಇದನ್ನೆಲ್ಲ ನೋಡುತ್ತ ಮೂಲೆಯಲ್ಲಿದ್ದ. "ಏ ಕಾಶಿ, ನನ್ನ ಕೈ ತೋರಿಸ್ಲೇಬೇಕಾ?" ಎಂದು ಕೇಳಿದ. ಕಾಶಿ ಹರಿದ ಸೀರೆ ಎತ್ತಿಕೊಂಡು ಒಳಗೆ ಹೋದಳು. ಅವನು ತಾನೇ ಟವೆಲ್ಲು ಬಿಚ್ಚಿ ಮಡಚಿ ಪಕ್ಕಕ್ಕಿಟ್ಟ.

ಪ್ರದೀಪ ಈ ಸಲ ಕೂರಲಿಲ್ಲ. ಮೊಬೈಲು ಹಿಡಿದು ಮನೆಯೆಲ್ಲ ತಿರುಗಿದ. ಮಣ್ಣು ಉದುರಿದ ಗೋಡೆಯೊಂದನ್ನು ಆರಿಸಿದ. ಕಾಶಿಯನ್ನು ಅದರ ಮುಂದೆ ಕೂರಿಸಿದ. ಹರಿದ ಭಾಗ ಕಾಣುವ ಹಾಗೆ ಸೆರಗು ಸರಿಸಲು ಹೇಳಿದ. ಅವಳು ಸರಿಸಿದಳು. ದೇವಿದಾಸನಿಗೆ ಕೈ ಎತ್ತಲು ಹೇಳಿದ. "ಇನ್ನೂ ಮೇಲೆ. ಬೆರಳು ಕಾಣ್ಬೇಕು. ಅಲ್ಲ, ಬೆರಳಿಲ್ಲದ್ದು ಕಾಣ್ಬೇಕು," ಎಂದು ತನ್ನ ಮಾತಿಗೆ ತಾನೇ ನಕ್ಕ. ದೇವಿದಾಸ ಕೈ ಎತ್ತಿ ಮುಖವನ್ನು ಗೋಡೆಗೆ ತಿರುಗಿಸಿದ. ಆ ಕೈಯನ್ನು ಅವನು ಹೆಂಡತಿಗೂ ಸರಿಯಾಗಿ ತೋರಿಸಿದವನಲ್ಲ. ಕಾಶಿ ನೆಲ ನೋಡಿದಳು. ಪ್ರಗತಿಯ ಕಾಲೇಜು, ಪ್ರಗತಿಯ ಕಾಲೇಜು ಎಂದು ಒಳಗೇ ಹೇಳಿಕೊಂಡು ಸಿಟ್ಟು ನುಂಗಿದಳು.

"ಇನ್ನು ಹುಡುಗಿ. ಒಂದು ತಟ್ಟೆ ತಾ," ಎಂದ. ಪ್ರಗತಿ ತಟ್ಟೆ ತಂದಳು. ಅಂಚು ನೆಗ್ಗಿದ ಅಲ್ಯೂಮಿನಿಯಂ ತಟ್ಟೆ. ಅದನ್ನು ಅವಳ ಮುಂದಿಟ್ಟು, ಪಕ್ಕದಲ್ಲಿ ಪುಸ್ತಕ ಇಡಿಸಿ, "ಖಾಲಿ ತಟ್ಟೆ ನೋಡ್ತಾ ಕೂತ್ಕ. ಆಮೇಲೆ ತಲೆ ಎತ್ತಿ ನನ್ನ ನೋಡು. ಬಾಯಿ ಮುಚ್ಬೇಡ, ಸ್ವಲ್ಪ ತೆರೆದಿರ್ಲಿ. ಹಸಿದವ್ರ ಹಾಗೆ," ಎಂದ.

ಒಳಗೆ ಒಲೆಯ ಮೇಲೆ ಅವನಿಗಾಗಿ ಮಾಡಿದ ಮೀನಿನ ಸಾರು ಕುದಿಯುತ್ತಿತ್ತು. ಹುಡುಗಿ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಹಸಿದವರ ಹಾಗೆ ಕಾಣಲು ಅವಳೇನೂ ಮಾಡಬೇಕಾಗಿರಲಿಲ್ಲ. ಫೋಟೋ ಚೆನ್ನಾಗಿ ಬಂತು. ಪ್ರದೀಪ ಅದನ್ನು ಹಿಗ್ಗಿಸಿ ನೋಡಿ, "ಫಸ್ಟ್ ಕ್ಲಾಸ್," ಎಂದ.

ಆಮೇಲೆ ಕೈ ತೊಳೆದು ಕೂತ. ಮನೆಯಲ್ಲಿ ಬೇರೆ ತಟ್ಟೆಗಳನ್ನೆಲ್ಲ ಹೊರಗೆ ಸಾಗಿಸಿದ್ದರು. ಉಳಿದದ್ದು ಅದೊಂದೇ, ಪ್ರಗತಿಯ ಮುಂದೆ ಇಟ್ಟದ್ದು. ಅದನ್ನೇ ತನ್ನತ್ತ ಎಳೆದುಕೊಂಡು "ಹಾಕು ಬಾಯಿ," ಎಂದ. ಕಾಶಿ ಬಡಿಸಿದಳು. ಅವನು ಉಂಡ. ಆ ಮೂವರೂ ಅವನು ಉಣ್ಣುವುದನ್ನು ನೋಡುತ್ತ ಕೂತರು.

ಆಷಾಢ ಕಳೆಯಿತು. ಪ್ರಗತಿ ಕ್ಲಾಸಿಗೆ ಹೋಗುತ್ತಿದ್ದಳು. ಒಂದು ದಿನ ಶುಲ್ಕ ಕಟ್ಟದವರು ಎದ್ದು ನಿಲ್ಲಿ ಎಂದರು. ನಿಂತಳು. ಮರುದಿನವೂ ನಿಂತಳು. ಅದರ ಮರುದಿನ ಹೊರಗೆ ಕಾರಿಡಾರಿನಲ್ಲಿ ನಿಲ್ಲಿಸಿದರು. ಕಿಟಕಿಯಿಂದ ಬೋರ್ಡು ಕಾಣುತ್ತಿತ್ತು, ಅಲ್ಲಿಂದಲೇ ಬರೆದುಕೊಂಡಳು. ಅದೂ ಯಾರಿಗೋ ಕಣ್ಣಿಗೆ ಚುಚ್ಚಿತು. ಗೇಟಿನ ಹೊರಗೆ ಕಳಿಸಿದರು. ಆ ಮೇಲೆ ಅವಳು ಬೆಳಿಗ್ಗೆ ಎದ್ದು ತಾಯಿಯ ಜತೆ ಸಿಗಡಿ ಶೆಡ್ಡಿಗೆ ಬರತೊಡಗಿದಳು. ತಲಾಠಿ ತಿದ್ದಿ ಕಳಿಸುತ್ತಾರೆ, ಇವತ್ತು ಕಳಿಸುತ್ತಾರೆ, ನಾಳೆ ಕಳಿಸುತ್ತಾರೆ ಎಂದು ಕಾಶಿ ಹೇಳುತ್ತಲೇ ಇದ್ದಳು. ಪ್ರಗತಿ ಸುಲಿಯುತ್ತಲೇ ಇದ್ದಳು. ಅವಳ ಉಗುರಿನ ಸಂದಿಯೂ ಬಿರಿಯಿತು.

ಬಂದ್ ಮುಗಿಯಿತು. ಬೋಟುಗಳು ಇಳಿದವು. ಮೊದಲ ಬಂಗಡೆ ಹೊತ್ತು ಕಾಶಿ ಕಾರವಾರದ ಬಸ್ಸು ಹತ್ತಿದ ದಿನ ಕಂಡಕ್ಟರ್ ಟಿಕೇಟು ಹರಿಯುತ್ತ ಹೇಳಿದ. "ಎಂತ ಬಾಯಿ, ನಿನ್ನ ಮಗಳು ದೊಡ್ಡ ಮನ್ಷಿ ಆಗ್ಬಿಟ್ಳು? ಕಾಲೇಜಿನ ಗೇಟಲ್ಲಿ ಫ್ಲೆಕ್ಸ್ ಹಾಕಿದ್ರು ನೋಡು, ಆಳೆತ್ತರ ಫೋಟೋ!"

ಕಾಶಿ ಹಿಗ್ಗಿದಳು. ಫೋಟೋ ಬಂದಿದೆ ಎಂದಮೇಲೆ ಹೆಸರು ಬರದೆ ಇರುತ್ತದೆಯೆ? ಆಯಿತು, ಕೆಲಸ ಆಯಿತು! ಸುಮ್ಮನೆ ಆ ತಲಾಠಿ ಹುಡುಗನನ್ನು ಮನಸ್ಸಿನಲ್ಲಿ ಬೈದೆನಲ್ಲ ಎಂದುಕೊಂಡಳು. ಪೇಟೆಯಲ್ಲಿ ಇಳಿಯಲಿಲ್ಲ. ಬುಟ್ಟಿ ಹೊತ್ತುಕೊಂಡೇ ಕಾಲೇಜಿಗೆ ಓಡಿದಳು. ದಾರಿಯಲ್ಲಿ ಮೀನು ಕೇಳಿದವರಿಗೆ "ಆಮೇಲೆ, ಆಮೇಲೆ" ಎಂದಳು. ಉಬ್ಬಸ ಬಂತು. ನಗುತ್ತಲೇ ಓಡಿದಳು.

ಗೇಟಿನಲ್ಲಿ ಕಬ್ಬಿಣದ ಚೌಕಟ್ಟಿಗೆ ಫ್ಲೆಕ್ಸ್ ಕಟ್ಟಿದ್ದರು. ಅಂದು ಯೋಜನೆಯ ಉದ್ಘಾಟನೆ. ಮಂಟಪ, ಕೆಂಪು ಜಮಖಾನೆ, ಹೂವು. ಫ್ಲೆಕ್ಸಿನ ಮೇಲ್ತುದಿಯಲ್ಲಿ ದೊಡ್ಡವರ ಮುಖಗಳು ಸಾಲಾಗಿ ನಗುತ್ತಿದ್ದವು. ಕೆಳಗೆ ಪ್ರಗತಿ. ಅದೇ ಮಣ್ಣು ಉದುರಿದ ಗೋಡೆ, ಅದೇ ತೆರೆದ ಬಾಯಿ, ಮುಂದೆ ಅದೇ ಖಾಲಿ ತಟ್ಟೆ. "ಇನ್ನು ಮೊದಲ ವರ್ಷವೂ ಉಚಿತ. ಬಡವರ ಮಕ್ಕಳ ಕನಸು ನನಸು" ಎಂದು ಬರೆದಿತ್ತು. ಕಾಶಿಗೆ ಕೂಡಿಸಿ ಓದಲು ಬರುತ್ತಿತ್ತು. ಓದಿದಳು. ಬುಟ್ಟಿಯನ್ನು ಗೇಟಿನ ಬಳಿ ಇಟ್ಟು ಒಳಗೆ ಹೋದಳು.

ವೈಜಯಂತಿ ಅವಳನ್ನು ನೋಡಿದವಳೇ ಎದ್ದು ನಿಂತಳು. ಹೇಳುವುದು ಅವಳಿಗೂ ಕಷ್ಟವಾಯಿತು.

"ಅಮ್ಮಾ, ಲಿಸ್ಟಲ್ಲಿ ಹೆಸರಿಲ್ಲ."

"ಫೋಟೋ ಅದ್ಯಲ್ಲ ಅಮ್ಮಾ! ಹೊರಗೆ ನೋಡಿ, ಆಳೆತ್ತರ ಅದೆ."

"ಫೋಟೋ ಬೇರೆ, ಲಿಸ್ಟ್ ಬೇರೆ. ಇಲ್ಲಿ ಮೊದಲಿನ ವರದಿಯೇ ಇದೆ. ಎರಡನೇದು ಬಂದೇ ಇಲ್ಲ. ಪ್ರಚಾರಕ್ಕೆ ಬಡವರ ಮನೆ ಫೋಟೋ ಕಳ್ಸಿ ಅಂತ ಎಲ್ಲಾ ತಾಲೂಕಿಗೂ ಮೆಸೇಜ್ ಹೋಗಿತ್ತು. ಅದಕ್ಕೆ ತೆಗ್ದದ್ದು ಇರ್ಬೇಕು." ತಡೆದು, ಇನ್ನೊಂದನ್ನೂ ಹೇಳಿದಳು. "ಸೀಟು ಮೊನ್ನೆಯೇ ಮುಂದಿನವರಿಗೆ ಹೋಯ್ತು ಅಮ್ಮಾ."

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ಹಳೆಯದು. ಇಲ್ಲಿ ಪೂಜಾರಿ ವರ ಕೊಡದೆ, ನೈವೇದ್ಯ ತಿಂದು, ಭಕ್ತೆಯ ಮಗಳನ್ನು ಗುಡಿಯ ಬಾಗಿಲಿಗೆ ತೋರಣವಾಗಿ ಕಟ್ಟಿದ್ದ.

ಕಾಶಿ ಅಳಲಿಲ್ಲ. ಗಂಡನ ಎತ್ತಿದ ಕೈ ನೆನಪಾಯಿತು. ಅದು ಶುಲ್ಕಕ್ಕಲ್ಲ, ಫ್ಲೆಕ್ಸಿಗೆ ಎತ್ತಿಸಿದ ಕೈ. ಗೋದಕ್ಕ ಹಲ್ಲಿನಿಂದ ಹರಿದ ಸೀರೆ ನೆನಪಾಯಿತು. ಅವಳು ಹೊರಗೆ ಬಂದಳು. ಬುಟ್ಟಿಯೊಳಗೆ ಕೈ ಹಾಕಿ ಬಂಗಡೆಗಳ ಅಡಿಯಿಂದ ಮೀನು ಕೊಯ್ಯುವ ಕತ್ತಿ ತೆಗೆದಳು. ಫ್ಲೆಕ್ಸಿನ ಮುಂದೆ ನಿಂತು ಪ್ರಗತಿಯ ತಲೆಯ ಮೇಲಿನ ಖಾಲಿ ಜಾಗಕ್ಕೆ ಕತ್ತಿ ಚುಚ್ಚಿದಳು.

ಗೇಟಿನ ಕಾವಲುಗಾರ ದತ್ತಾ "ಬಾಯೀ!" ಎಂದು ಓಡಿ ಬಂದವನು ಕತ್ತಿ ನೋಡಿ ಅಲ್ಲೇ ನಿಂತ. ಮಂಟಪದ ಕಡೆಯಿಂದ ಪ್ರದೀಪ ಬಂದ. ಅವನ ಕೈಯಲ್ಲಿ ದೊಡ್ಡವರಿಗೆ ಹಾಕುವ ಹಾರವಿತ್ತು.

"ಏ! ತಲೆ ಕೆಟ್ಟಿತಾ ನಿಂಗೆ? ಸಾಯ್ಬ್ರು ಬರೂ ಹೊತ್ತು! ಸರ್ಕಾರಿ ಫ್ಲೆಕ್ಸ್ ಅದು, ಕೇಸ್ ಬೀಳ್ತದೆ."

"ಫ್ಲೆಕ್ಸ್ ನಿಂದು ಇಟ್ಕ. ಮಗಳು ನಂದು."

ಮೊದಲ ಸಲ ಕಾಶಿ ಅವನಿಗೆ "ನೀನು" ಎಂದಿದ್ದಳು. ಅದು ಅವನಿಗೆ ಕತ್ತಿಗಿಂತ ಜೋರಾಗಿ ತಾಗಿತು. ಸುತ್ತ ನೋಡಿದ. ಜನ ಸೇರುತ್ತಿದ್ದರು. ಹತ್ತಿರ ಬಂದು ದನಿ ತಗ್ಗಿಸಿದ.

"ನೋಡು ಕಾಶಿಬಾಯಿ, ಈ ವರ್ಷ ಹೋಯ್ತು. ಬರೂ ವರ್ಷ ನಾನೇ ನಿಂತು ಮಾಡಿಸ್ತೆ. ಈಗ ಸುಮ್ನೆ ಮನೆಗೆ ಹೋಗು. ಗಲಾಟೆ ಮಾಡಿದ್ಯೋ, ಬರೂ ವರ್ಷದ್ದೂ ಮರ್ತ್ಬಿಡು. ಮಗಳ ಓದು ನಿನ್ನ ಕೈಲೇ ಅದೆ."

ಕಾಶಿಯ ಕೈ ನಿಂತಿತು. ಸುಳ್ಳು ಏಕೆ ಹೇಳಬೇಕು, ನಿಂತಿತು. ಬರುವ ವರ್ಷ. ಒಂದು ವರ್ಷ ಹೇಗಾದರೂ ಕಳೆಯಬಹುದು. ಸುಮ್ಮನೆ ಕತ್ತಿ ಒರೆಸಿ ಬುಟ್ಟಿಯಲ್ಲಿಟ್ಟು ಹೋದರೆ, ಇವನು ಮಾಡಿಸಿದರೂ ಮಾಡಿಸಿಯಾನು. ಎದುರಿಗೆ ಆಳೆತ್ತರದ ಪ್ರಗತಿ ಬಾಯಿ ತೆರೆದು ಅವಳನ್ನೇ ನೋಡುತ್ತಿದ್ದಳು. ಆ ಮುಖದ ಮೇಲೆ ನಾಳೆ ಊರವರೆಲ್ಲ ಪಾನು ಉಗುಳುತ್ತಾರೆ. ಮಳೆ ಬಂದರೆ ಹರಿದು ಚರಂಡಿಗೆ ಬೀಳುತ್ತದೆ. ಒಣಮೀನು ಹರಡಲು ಯಾರಾದರೂ ಒಯ್ಯುತ್ತಾರೆ.

"ಬರೂ ವರ್ಷ ಮತ್ತೆ ಮನೆಗೆ ಬರ್ತೆಯಾ?" ಎಂದು ಕೇಳಿದಳು. "ಬಂದು ಎಂತ ನೋಡ್ತೆ? ಇನ್ಯಾವ ಸೀರೆ ಹರೀಬೇಕು? ನನ್ನ ಗಂಡಂದು ಇನ್ನೊಂದು ಕೈ ಅದೆ, ಅದನ್ನೂ ವಿಂಚಿಗೆ ಕೊಟ್ಟು ಇಟ್ಟಿರ್ಬೇಕಾ? ಬಡವ್ರ ಹಾಗೆ ಇರ್ಬೇಕು ಅಂದ್ಯಲ್ಲ. ಇದ್ದೆವು. ಬೇಡೂದು ಒಂದೇ ಬಾಕಿ ಇತ್ತು, ನಿನ್ನ ಕಾಲು ಹಿಡ್ದು ಅದನ್ನೂ ಮಾಡ್ದೆ. ಸಾಕು. ನನ್ನ ಮಗಳು ಸಿಗಡಿ ಸುಲ್ದು ಶುಲ್ಕ ಕಟ್ತಾಳೆ. ಆಗ್ಲಿಲ್ಲಾ, ಸಿಗಡಿಯೇ ಸುಲೀತಾಳೆ. ಬಾಯಿ ತೆರ್ದು ನಿನ್ನ ಬಾಗ್ಲಲ್ಲಿ ನಿಲ್ಲೂಲಾ."

ಕತ್ತಿ ಇಳಿಯಿತು. ಇಸೋಣದ ಬೆನ್ನು ಬಿಡಿಸುವ ಕೈ ಅದು. ತಲೆ, ಹೆಗಲು, ತೋಳು, ಮಡಿಲು, ಎಲ್ಲಿಯೂ ಹುಡುಗಿಗೆ ತಾಗದ ಹಾಗೆ ಸುತ್ತಲೂ ಕೊಯ್ದಳು. ತಟ್ಟೆಯ ಅಂಚಿಗೆ ಬಂದಾಗ ಅದರೊಳಗೆ ಹೋಗಲಿಲ್ಲ. ಅಂಚಿನ ಗುಂಟ ಸರಿದು ಆಚೆಗೆ ದಾಟಿದಳು. ಪ್ರಗತಿ ಚೌಕಟ್ಟಿನಿಂದ ಕಳಚಿ ತಾಯಿಯ ತೋಳಿಗೆ ಬಿದ್ದಳು. ಕಾಶಿ ಅವಳನ್ನು ಮುಖ ಒಳಗಾಗುವಂತೆ ಸುರುಳಿ ಸುತ್ತಿದಳು.

"ತಟ್ಟೆ ಬಿಟ್ಟಿದ್ದೆ ನೋಡು," ಎಂದಳು ಪ್ರದೀಪನಿಗೆ. "ನೀ ಉಂಡದ್ದು ಅದ್ರಲ್ಲೇ."

ಯಾರೂ ಅವಳನ್ನು ತಡೆಯಲಿಲ್ಲ. ಬುಟ್ಟಿಯನ್ನು ತಲೆಯ ಮೇಲಿಟ್ಟು, ಸುರುಳಿಯನ್ನು ಕಂಕುಳಲ್ಲಿ ಒತ್ತಿಕೊಂಡು, ಅವಳು ಗೇಟು ದಾಟಿ ಪೇಟೆಯ ಕಡೆಗೆ ನಡೆದಳು. ಬಂಗಡೆ ಇನ್ನೂ ಮಾರಬೇಕಿತ್ತು. ಹಿಂದೆ ಸಾಹೇಬರ ಕಾರುಗಳ ಹಾರನ್ನು ಕೇಳಿತು. ಜನ ಗಡಿಬಿಡಿಯಲ್ಲಿ ಓಡಾಡಿದರು. ಫ್ಲೆಕ್ಸಿನ ನಡುವೆ ಹುಡುಗಿಯ ಆಕಾರದ ತೂತು ಬಿದ್ದಿತ್ತು, ಅದರಾಚೆಗೆ ರಸ್ತೆ ಕಾಣುತ್ತಿತ್ತು. ಪ್ರದೀಪ ಕೈಯಲ್ಲಿದ್ದ ಹಾರವನ್ನು ಅವಸರದಲ್ಲಿ ತೂತಿಗೆ ಅಡ್ಡ ಇಳಿಬಿಟ್ಟ. ಹಾರ ತಟ್ಟೆಯವರೆಗೆ ಎಟುಕಲಿಲ್ಲ.